ಯಾರೂ ಬಳಸದ ಅಲ್ಗಾರಿದಂಗೆ ಇಷ್ಟು ಬೆಲೆ ಯಾಕೆ? ಎಕೆಎಸ್ ಬಗ್ಗೆ ಒಂದು ಪ್ರಶ್ನೆ

ಹೇಮಾವತಿ ದಡ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವಳು. ಎಂ.ಎಸ್ಸಿ. ಗಣಿತ, ಎರಡನೇ ವರ್ಷ. ಮುಂದಿನ ತಿಂಗಳು ಸೆಮಿನಾರ್ ಇದೆ. ಎಕೆಎಸ್ ವಿಷಯವನ್ನು ನಾನೇ ಆರಿಸಿಕೊಂಡೆ. ಮಣೀಂದ್ರ ಅಗರ್ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಸೇರಿ 2002ರಲ್ಲಿ ಐಐಟಿ ಕಾನ್ಪುರದಲ್ಲಿ ಕಂಡುಹಿಡಿದ ವಿಧಾನ ಅದು. ಕೊಟ್ಟ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಅನ್ನುವುದನ್ನು ಪಾಲಿನಾಮಿಯಲ್ ಸಮಯದಲ್ಲಿ, ಅಂದರೆ ಸಂಖ್ಯೆಯಲ್ಲಿರುವ ಬಿಟ್‌ಗಳ ಯಾವುದೋ ಒಂದು ನಿಗದಿತ ಘಾತದಷ್ಟು ಹೆಜ್ಜೆಯಲ್ಲಿ, ಹೇಳುತ್ತದೆ. ಅದಕ್ಕೆ ಅದೃಷ್ಟದ ಸಹಾಯ ಬೇಡ, ಇನ್ನೂ ಸಾಧಿಸದ ಯಾವ ಊಹೆಯೂ ಬೇಡ.

ಮೊನ್ನೆ ನಮ್ಮಣ್ಣನಿಗೆ ಖುಷಿಯಿಂದ ಹೇಳಿದೆ. ಅವನು ಸಾಫ್ಟ್‌ವೇರ್‌ನಲ್ಲಿದ್ದಾನೆ. "ಅದನ್ನ ಯಾರೂ ಬಳಸಲ್ಲ ಕಣೇ, ಎಲ್ಲ ಕಡೆ ಮಿಲ್ಲರ್-ರಾಬಿನ್ ಇದೆ" ಅಂದ. ಅದೃಷ್ಟದ ಮೇಲೆ ಆರಿಸಿದ ಸಂಖ್ಯೆಗಳಿಂದ ಅವಿಭಾಜ್ಯವೋ ಅಂತ ಪರೀಕ್ಷಿಸುವ ವೇಗದ ವಿಧಾನ ಅದು. ಹುಡುಕಿ ನೋಡಿದೆ, ಅವನು ಹೇಳಿದ್ದು ನಿಜ. ಆದರೆ ಇದೇ ಕೆಲಸಕ್ಕೆ 2006ರಲ್ಲಿ ಗೋಡೆಲ್ ಪ್ರಶಸ್ತಿ ಬಂದಿದೆ, ಅದೇ ವರ್ಷ ಫುಲ್ಕರ್ಸನ್ ಪ್ರಶಸ್ತಿಯೂ ಬಂದಿದೆ. ಯಾರೂ ಬಳಸದ ವಿಧಾನಕ್ಕೆ ಇಷ್ಟು ಬೆಲೆ ಯಾಕೆ? ಸೆಮಿನಾರಿನಲ್ಲಿ ಯಾರಾದರೂ ಇದನ್ನು ಕೇಳೇ ಕೇಳುತ್ತಾರೆ. ನನಗೆ ಒಪ್ಪಿಗೆಯಾಗುವ ಉತ್ತರ ಇನ್ನೂ ಸಿಕ್ಕಿಲ್ಲ.

ಇನ್ನೊಂದು ವಿಷಯ. ಸಾಧನೆಯ (ಪ್ರೂಫ್‌ನ) ಒಂದೊಂದೇ ಸಾಲು ಓದಿದರೆ ಅರ್ಥವಾಗುತ್ತದೆ. ಆದರೆ ಈ ದಾರಿ ಅವರಿಗೆ ಹೊಳೆದದ್ದು ಹೇಗೆ ಅನ್ನುವುದು ಗೊತ್ತಾಗುತ್ತಿಲ್ಲ.

ಬೀಗದ ಕೈ

ನಿಮ್ಮಣ್ಣ ಹೇಳಿದ್ದು ಸರಿ. ನಾನು ಕ್ರಿಪ್ಟೋಗ್ರಫಿ ಕೋಡ್ ಬರೆಯುವ ಕೆಲಸದಲ್ಲಿದ್ದೇನೆ. ಅಂಕಿ ಇಟ್ಟು ಹೇಳುತ್ತೇನೆ.

ಆರ್‌ಎಸ್‌ಎ ಅನ್ನುವ ಗೂಢಲಿಪಿ ವಿಧಾನದ 2048 ಬಿಟ್‌ನ ಕೀಗೆ 1024 ಬಿಟ್‌ನ ಎರಡು ಅವಿಭಾಜ್ಯ ಸಂಖ್ಯೆ ಬೇಕು. ಒಂದೊಂದರಲ್ಲೂ ಸುಮಾರು 309 ಅಂಕಿ. ಮಿಲ್ಲರ್-ರಾಬಿನ್‌ನಲ್ಲಿ ಒಂದು ಸುತ್ತಿಗೆ ಹೆಚ್ಚೆಂದರೆ ನೂರು ಕೋಟಿಯ ಆಸುಪಾಸು ಬಿಟ್ ಲೆಕ್ಕ. ಸಂಯುಕ್ತ ಸಂಖ್ಯೆಯೊಂದು ಒಂದು ಸುತ್ತಿನಲ್ಲಿ ತಪ್ಪಿಸಿಕೊಳ್ಳುವ ಸಾಧ್ಯತೆ ಕಾಲು ಭಾಗಕ್ಕಿಂತ ಜಾಸ್ತಿ ಇಲ್ಲ. 40 ಸುತ್ತು ಓಡಿಸಿದರೆ, ತಪ್ಪಿಸಿಕೊಳ್ಳುವ ಸಾಧ್ಯತೆ 1ರ ಮುಂದೆ 24 ಸೊನ್ನೆ ಇಟ್ಟ ಸಂಖ್ಯೆಯಲ್ಲಿ ಒಂದು ಪಾಲು.

ಈಗ ಎಕೆಎಸ್ ನೋಡಿ. ಅದೇ 1024 ಬಿಟ್‌ನ ಸಂಖ್ಯೆಗೆ ಅದು ಇಟ್ಟುಕೊಳ್ಳುವ ಬಹುಪದೋಕ್ತಿಯಲ್ಲಿ 10 ಲಕ್ಷಕ್ಕೂ ಜಾಸ್ತಿ ಸಹಗುಣಕಗಳಿರುತ್ತವೆ. ಒಂದೊಂದು ಸಹಗುಣಕಕ್ಕೂ 128 ಬೈಟ್. ಅಂದರೆ ಒಂದು ಬಹುಪದೋಕ್ತಿಗೇ 128 ಎಂಬಿಗಿಂತ ಜಾಸ್ತಿ ಜಾಗ. ಅದನ್ನು ದೊಡ್ಡ ಘಾತಕ್ಕೆ ಏರಿಸಬೇಕು. ಹಾಗೆ ಏರಿಸುವ ಕೆಲಸವನ್ನೇ ಮತ್ತೆ 10 ಲಕ್ಷಕ್ಕೂ ಜಾಸ್ತಿ ಸಲ ಮಾಡಬೇಕು. ನಮ್ಮ ಕೆಲಸಕ್ಕೆ ಇದು ಆಗುವ ಮಾತಲ್ಲ.

ಕಡಲೆಕಾಯಿ ಪರಿಷೆ

ಒಂದು ಅನುಮಾನ. ಎಕೆಎಸ್ ಬಂದ ಮೇಲೆ ಆರ್‌ಎಸ್‌ಎ ಒಡೆಯಬಹುದು ಅಂತ ಎಲ್ಲೋ ಓದಿದ್ದೆ. ನಿಜವಾ?

ಮೂರನೇ ಮಹಡಿ

ಇಲ್ಲ. ಅವಿಭಾಜ್ಯವೋ ಅಲ್ಲವೋ ಎಂದು ಹೇಳುವುದು ಒಂದು ಕೆಲಸ, ಅಲ್ಲದಿದ್ದರೆ ಅಪವರ್ತನ ಹುಡುಕಿ ಕೊಡುವುದು ಬೇರೆಯೇ ಕೆಲಸ. ಆರ್‌ಎಸ್‌ಎ ಒಡೆಯಲು ಬೇಕಾದದ್ದು ಈ ಎರಡನೆಯದು. ತೆಂಗಿನಕಾಯಿ ಅಲ್ಲಾಡಿಸಿ ಒಳಗೆ ನೀರಿದೆ ಅಂತ ಹೇಳಬಹುದು, ಆದರೆ ನೀರು ಕುಡಿಯೋಕೆ ಒಡೆಯಲೇಬೇಕು. ಎಕೆಎಸ್ ಅಲ್ಲಾಡಿಸಿ ಹೇಳುವ ವಿಧಾನ. ಅಪವರ್ತನಕ್ಕೆ ಸಾಮಾನ್ಯ ಕಂಪ್ಯೂಟರ್‌ನಲ್ಲಿ ಪಾಲಿನಾಮಿಯಲ್ ಸಮಯದ ವಿಧಾನ ಇವತ್ತಿಗೂ ಗೊತ್ತಿಲ್ಲ. ಕ್ವಾಂಟಮ್ ಕಂಪ್ಯೂಟರ್‌ಗೆ 1994ರಲ್ಲಿ ಪೀಟರ್ ಶೋರ್ ಕೊಟ್ಟ ವಿಧಾನ ಇದೆ, ಆದರೆ ಆ ಕಥೆ ಬೇರೆ.

ಹೇಮಾವತಿಯವರೇ, ನಾನು ಚೆನ್ನೈನಲ್ಲಿ ಇದೇ ಕ್ಷೇತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ನಿಮ್ಮ ಮೊದಲ ಪ್ರಶ್ನೆಗೆ ರಾತ್ರಿ ಬಿಡುವಾಗಿ ಬರೆಯುತ್ತೇನೆ. ಎರಡು ಸಾಲಿನಲ್ಲಿ ಮುಗಿಸುವುದಕ್ಕೆ ಮನಸ್ಸಿಲ್ಲ.

ಗಣಿತ ಮೇಷ್ಟ್ರು

ಎರಡನೇ ಪ್ರಶ್ನೆಗೆ ನಾನು ಸ್ವಲ್ಪ ಹೇಳಬಲ್ಲೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ್ದೇನೆ, ಈಗ ನಿವೃತ್ತಿ. ಈ ವಿಧಾನದ ಬೇರು ನಮ್ಮ ಮಕ್ಕಳಿಗೆ ಗೊತ್ತಿರುವುದೇ.

ಛಂದಸ್ಸಿನಲ್ಲಿ ಮೇರು ಪ್ರಸ್ತಾರ ಅಂತ ಬರುತ್ತದೆ. ಪಿಂಗಳನ ಸೂತ್ರಕ್ಕೆ ಹತ್ತನೇ ಶತಮಾನದಲ್ಲಿ ಹಲಾಯುಧ ಬರೆದ ವ್ಯಾಖ್ಯಾನದಲ್ಲಿ ಅದರ ವಿವರ ಇದೆ. ಇಷ್ಟು ಅಕ್ಷರದ ಸಾಲಿನಲ್ಲಿ ಇಷ್ಟೇ ಗುರು ಇರುವ ವೃತ್ತಗಳು ಎಷ್ಟು ಅಂತ ಎಣಿಸುವ ಪಟ್ಟಿ ಅದು. ಶಾಲೆಯಲ್ಲಿ ಪಾಸ್ಕಲ್ ತ್ರಿಕೋನ ಅಂತ ಕಲಿಸುತ್ತೇವೆ. ಐದನೇ ಸಾಲು ಬರೆದುಕೋ ಅಮ್ಮ:

1, 5, 10, 10, 5, 1

ಎರಡೂ ತುದಿಯ 1 ಬಿಡು. ನಡುವೆ ಇರುವ ಎಲ್ಲವನ್ನೂ 5 ಭಾಗಿಸುತ್ತದೆ. ಈಗ ಆರನೇ ಸಾಲು:

1, 6, 15, 20, 15, 6, 1

ಇಲ್ಲಿ 15ನ್ನು 6 ಭಾಗಿಸುವುದಿಲ್ಲ. 20ನ್ನೂ ಭಾಗಿಸುವುದಿಲ್ಲ. ನಾಲ್ಕನೇ ಸಾಲು 1, 4, 6, 4, 1. ಇಲ್ಲಿ 6 ಕೈಕೊಡುತ್ತದೆ. ಏಳನೇ ಸಾಲು ನೀನೇ ಬರೆದು ನೋಡು, ಎಲ್ಲ ಸರಿಹೋಗುತ್ತದೆ. ಸಾಲಿನ ಸಂಖ್ಯೆ ಅವಿಭಾಜ್ಯವಾದರೆ ನಡುವಿನ ಎಲ್ಲವೂ ಅದರಿಂದ ಭಾಗವಾಗುತ್ತವೆ. ಇಲ್ಲದಿದ್ದರೆ ಎಲ್ಲಾದರೂ ಒಂದು ಕಡೆ ತಪ್ಪೇ ತಪ್ಪುತ್ತದೆ. ಇದಕ್ಕೆ ಅಪವಾದವೇ ಇಲ್ಲ.

ಇಷ್ಟು ಗೊತ್ತಿದ್ದರೆ ಪರೀಕ್ಷೆ ಸಿಕ್ಕಿತು ಅಲ್ವಾ? ಸಿಕ್ಕಿತು, ಆದರೆ ಕೈಗೆ ಎಟುಕುವುದಿಲ್ಲ. 309 ಅಂಕಿಯ ಸಂಖ್ಯೆಗೆ ಅಷ್ಟನೇ ಸಾಲು ಬರೆಯಬೇಕು. ಜಗತ್ತಿನ ಕಾಗದವೆಲ್ಲ ಸೇರಿದರೂ ಸಾಲದು.

ಹೇಮಾವತಿ ದಡ

ಮೇಷ್ಟ್ರೇ, ತುಂಬಾ ಧನ್ಯವಾದ. ಪುಸ್ತಕದಲ್ಲಿ ಎಕ್ಸ್ + 1ರ ಘಾತ, ಬಹುಪದೋಕ್ತಿಗಳ ಸಮತೆ ಅಂತೆಲ್ಲ ಇತ್ತು. ಅದು ಇದೇ ಸಾಲು ಅಂತ ಈಗ ಕಾಣುತ್ತಿದೆ. ಎಕ್ಸ್ + 1ನ್ನು ಎನ್ ಸಲ ಗುಣಿಸಿದರೆ ಬರುವ ಸಹಗುಣಕಗಳೇ ಎನ್‌ನೇ ಸಾಲು. ಎನ್ ಅವಿಭಾಜ್ಯವಾದರೆ ನಡುವಿನದೆಲ್ಲ ಹೋಗಿ, ಎಕ್ಸ್‌ನ ಎನ್‌ನೇ ಘಾತ + 1 ಮಾತ್ರ ಉಳಿಯುತ್ತದೆ. ಆದರೆ ಮುಂದಿನ ಹೆಜ್ಜೆಯಲ್ಲಿ 'ಎಕ್ಸ್‌ನ ಆರ್‌ನೇ ಘಾತ ಮೈನಸ್ 1ರಿಂದ ಭಾಗಿಸಿ ಶೇಷ ತೆಗೆದುಕೊಳ್ಳಿ' ಅಂತಾರಲ್ಲ, ಅದು ಯಾಕೆ?

ಮೂರನೇ ಮಹಡಿ

ಆ ಉದ್ದನೆಯ ಸಾಲನ್ನು ಒಂದು ಚಕ್ರಕ್ಕೆ ಸುತ್ತುವುದಕ್ಕೆ. ಚಕ್ರದಲ್ಲಿ ಆರ್ ಹಲ್ಲುಗಳಿವೆ ಅಂದುಕೊಳ್ಳಿ. ಸೊನ್ನೆಯ ಜಾಗದಲ್ಲಿರುವ ಸಹಗುಣಕ, ಆರ್‌ನ ಜಾಗದಲ್ಲಿರುವುದು, ಎರಡು ಆರ್‌ನ ಜಾಗದಲ್ಲಿರುವುದು, ಇವೆಲ್ಲ ಒಂದೇ ಹಲ್ಲಿನ ಮೇಲೆ ಬಂದು ಕೂಡಿಕೊಳ್ಳುತ್ತವೆ. ಕೊನೆಗೆ ನೀವು ಇಟ್ಟುಕೊಳ್ಳಬೇಕಾದದ್ದು ಆರ್ ಸಂಖ್ಯೆಗಳು ಮಾತ್ರ. ಪೂರ್ತಿ ಸಾಲನ್ನು ಎಲ್ಲೂ ಬರೆಯಬೇಕಾಗಿಲ್ಲ. ವರ್ಗ ಮಾಡುತ್ತಾ, ಸುತ್ತುತ್ತಾ ಹೋದರೆ ಸಾಕು.

ಆದರೆ ಸುತ್ತುವಾಗ ಒಂದು ಅಪಾಯ ಇದೆ. ಒಂದು ಕಡೆಯ ತಪ್ಪು ಇನ್ನೊಂದು ಕಡೆಯ ತಪ್ಪಿನ ಜೊತೆ ಕೂಡಿ ಮರೆಯಾಗಬಹುದು. ಸಂಯುಕ್ತ ಸಂಖ್ಯೆ ಆಗ ಒಳ್ಳೆಯವನ ಹಾಗೆ ದಾಟಿಬಿಡುತ್ತದೆ.

ಕೈಯಾರೆ ನೋಡಿ. ಆರ್ = 2 ಇಡಿ. ಆಗ ಎಕ್ಸ್‌ನ ವರ್ಗ ಅಂದರೆ 1. ಎಕ್ಸ್ + 1ರ ವರ್ಗ ಎಷ್ಟು? ಎಕ್ಸ್ ವರ್ಗ + 2 ಎಕ್ಸ್ + 1, ಅಂದರೆ 2 ಎಕ್ಸ್ + 2. ಅದು ಎಕ್ಸ್ + 1ರ ಎರಡು ಪಟ್ಟು! ಅಂದರೆ ಪ್ರತಿ ಸಲ ಗುಣಿಸಿದಾಗಲೂ ಒಂದು 2 ಮಾತ್ರ ಹೊರಗೆ ಬರುತ್ತದೆ. ಎನ್ ಬೆಸ ಸಂಖ್ಯೆಯಾದರೆ ಪರೀಕ್ಷೆ ಕೊನೆಗೆ ಹೀಗೆ ನಿಲ್ಲುತ್ತದೆ: 2ರ ಎನ್ ಮೈನಸ್ 1ನೇ ಘಾತವನ್ನು ಎನ್‌ನಿಂದ ಭಾಗಿಸಿದರೆ ಶೇಷ 1 ಬರುತ್ತದೆಯೇ? ಇದು ಫರ್ಮಾ ಹೇಳಿದ ಹಳೇ ಪರೀಕ್ಷೆಯೇ. ಅದನ್ನು 341 ದಾಟುತ್ತದೆ ಅಂತ ನಿಮಗೆ ಗೊತ್ತು. 341 ಅಂದರೆ 11 ಗುಣಿಸು 31.

ನನಗೆ ಇದು ಮೊದಲ ಸಲ ಕಂಡಾಗ ತುಂಬಾ ಖುಷಿಯಾಗಿತ್ತು. ಫರ್ಮಾ ಪರೀಕ್ಷೆ ಅಂದರೆ ಮೇರು ಪ್ರಸ್ತಾರದ ಸಾಲನ್ನು ಎರಡೇ ಹಲ್ಲಿನ ಚಕ್ರಕ್ಕೆ ಸುತ್ತಿದ್ದು. ಚಕ್ರ ತೀರಾ ಸಣ್ಣದು, ಅದಕ್ಕೇ ಮೋಸಹೋಗುತ್ತದೆ.

ಆರ್ = 3 ಇಟ್ಟು 341 ನೋಡಿ, ಆಮೇಲೆ 4 ಇಟ್ಟು ನೋಡಿ. ಪಿಯುಸಿಯಲ್ಲಿ ಕಲಿತ ಕಾಂಪ್ಲೆಕ್ಸ್ ನಂಬರ್ ಸಾಕು.

ಹೇಮಾವತಿ ದಡ

ಮಾಡಿದೆ. 3ಕ್ಕೂ 341 ದಾಟುತ್ತದೆ! ಆದರೆ 4ಕ್ಕೆ ಸಿಕ್ಕಿಬಿತ್ತು. ಬರೆಯುತ್ತೇನೆ, ತಪ್ಪಿದ್ದರೆ ಹೇಳಿ.

ಆರ್ = 4 ಅಂದರೆ ಎಕ್ಸ್‌ನ ನಾಲ್ಕನೇ ಘಾತ 1. ಹಾಗಾಗಿ ಎಕ್ಸ್ ಜಾಗದಲ್ಲಿ ಐ, ಅಂದರೆ ಮೈನಸ್ 1ರ ವರ್ಗಮೂಲ, ಇಡಬಹುದು. 1 + ಐಯ ವರ್ಗ 2 ಐ. ಆದ್ದರಿಂದ 1 + ಐಯ 340ನೇ ಘಾತ ಅಂದರೆ 2 ಐಯ 170ನೇ ಘಾತ. 2ರ ಹತ್ತನೇ ಘಾತ 1024, ಅದು 341ರ ಮೂರರಷ್ಟಕ್ಕಿಂತ ಒಂದೇ ಜಾಸ್ತಿ. ಹಾಗಾಗಿ 2ರ 170ನೇ ಘಾತದ ಶೇಷ 1. ಐಯ 170ನೇ ಘಾತ ಮೈನಸ್ 1. ಒಟ್ಟು ಮೈನಸ್ 1. ಅಂದರೆ 341ನೇ ಘಾತ ಮೈನಸ್ (1 + ಐ). ಆದರೆ ಬರಬೇಕಾಗಿದ್ದದ್ದು 1 + ಐ. ತಪ್ಪಿತು, ಆದ್ದರಿಂದ 341 ಅವಿಭಾಜ್ಯ ಅಲ್ಲ. ಅಪವರ್ತನ ಮುಟ್ಟಲೇ ಇಲ್ಲ!

ಗಣಿತ ಮೇಷ್ಟ್ರು

ಸರಿಯಾಗಿದೆ. ಸೆಮಿನಾರಿನಲ್ಲಿ ಬೋರ್ಡ್ ಮೇಲೆ ಇದನ್ನೇ ಮಾಡು. ಸ್ಲೈಡ್ ಬೇಡ.

ಮೂರನೇ ಮಹಡಿ

ಹೌದು, ಹಾಗೇ ಮಾಡಿ. ಒಂದು ಮಾತು ಮಾತ್ರ ಸೇರಿಸಿ: ನಿಜವಾದ ಎಕೆಎಸ್ ಇಷ್ಟು ಸಣ್ಣ ಆರ್ ತೆಗೆದುಕೊಳ್ಳುವುದಿಲ್ಲ. ಎನ್‌ನ ಘಾತಗಳನ್ನು ಆರ್‌ನಿಂದ ಭಾಗಿಸುತ್ತಾ ಹೋದರೆ ಶೇಷ ಮತ್ತೆ 1ಕ್ಕೆ ಬರಲು ಎಷ್ಟು ಹೆಜ್ಜೆ ಬೇಕೋ, ಅದು ಎನ್‌ನ ಬಿಟ್‌ಗಳ ವರ್ಗಕ್ಕಿಂತ ಜಾಸ್ತಿ ಇರಬೇಕು. ಅಂಥ ಆರ್ ಹುಡುಕುತ್ತದೆ. ಬಿಟ್‌ಗಳ ಐದನೇ ಘಾತದ ಒಳಗೆ ಅಂಥದ್ದು ಇದ್ದೇ ಇರುತ್ತದೆ ಅಂತ ಸಾಧಿಸಿದ್ದಾರೆ. ನಡುವೆ ಸಣ್ಣ ಅಪವರ್ತನ ಸಿಕ್ಕರೆ ಅಲ್ಲೇ ನಿಲ್ಲುತ್ತದೆ. 341ಕ್ಕೆ 11 ಆ ಹಂತದಲ್ಲೇ ಸಿಗುತ್ತದೆ. ಆಮೇಲೆ ಎಕ್ಸ್ + 1 ಒಂದೇ ಅಲ್ಲ, ಎಕ್ಸ್ + 2, ಎಕ್ಸ್ + 3 ಹೀಗೆ ಒಂದು ಮಿತಿಯವರೆಗೆ ನೋಡುತ್ತದೆ. ಇವೆಲ್ಲವನ್ನೂ ದಾಟಿದ ಸಂಖ್ಯೆ ಯಾವುದೋ ಒಂದು ಅವಿಭಾಜ್ಯದ ಘಾತವೇ ಆಗಿರಬೇಕು ಅನ್ನುವುದು ಅವರ ಪ್ರಮೇಯ. ಘಾತವನ್ನು ಮೊದಲೇ ಪರೀಕ್ಷಿಸಿ ಬಿಟ್ಟಿರುತ್ತಾರೆ.

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ.

2002ರ ಮೊದಲು ಏನಿತ್ತು ನೋಡಿ. 1975ರಲ್ಲಿ ವಾನ್ ಪ್ರ್ಯಾಟ್, ಒಂದು ಸಂಖ್ಯೆ ಅವಿಭಾಜ್ಯ ಅಂತ ತೋರಿಸುವ ಚಿಕ್ಕ ಪುರಾವೆ ಯಾವಾಗಲೂ ಇರುತ್ತದೆ ಅಂತ ಸಾಧಿಸಿದರು. ಅಂದರೆ ಪ್ರಶ್ನೆ ಎನ್‌ಪಿಯಲ್ಲಿದೆ, ಪುರಾವೆ ಕೊಟ್ಟರೆ ಬೇಗ ಪರೀಕ್ಷಿಸಬಹುದಾದ ಪ್ರಶ್ನೆಗಳ ಗುಂಪಿನಲ್ಲಿ. ಪುರಾವೆ ಇದೆ, ಆದರೆ ಅದನ್ನು ಬೇಗ ಹುಡುಕುವುದು ಹೇಗೆ ಅಂತ ಗೊತ್ತಿಲ್ಲ. 1976ರಲ್ಲಿ ಗ್ಯಾರಿ ಮಿಲ್ಲರ್ ವೇಗದ ಪರೀಕ್ಷೆ ಕೊಟ್ಟರು. ಅದು ಸರಿಯೆನ್ನಲು ರೀಮನ್ ಊಹೆಯ ವಿಸ್ತೃತ ರೂಪ ನಿಜವಾಗಿರಬೇಕು. ಅದು ಇವತ್ತಿಗೂ ಸಾಧನೆಯಾಗಿಲ್ಲ. 1977ರಲ್ಲಿ ಸೊಲೊವೆ ಮತ್ತು ಸ್ಟ್ರಾಸೆನ್, 1980ರಲ್ಲಿ ಮೈಕೆಲ್ ರಾಬಿನ್ ನಾಣ್ಯ ಚಿಮ್ಮಿ ನೋಡುವ ದಾರಿ, ಅಂದರೆ ಅದೃಷ್ಟದ ಮೇಲೆ ಸಂಖ್ಯೆ ಆರಿಸಿ ಪರೀಕ್ಷಿಸುವ ದಾರಿ, ಹಿಡಿದರು. 1983ರಲ್ಲಿ ಏಡಲ್‌ಮನ್, ಪೊಮೆರನ್ಸ್, ರೂಮ್ಲಿ ನಾಣ್ಯ ಬೇಡದ ವಿಧಾನ ಕೊಟ್ಟರು. ಅದು ಪಾಲಿನಾಮಿಯಲ್‌ಗೆ ಕೂದಲೆಳೆಯಷ್ಟು ಹತ್ತಿರ ಬಂತು, ಆದರೆ ಮುಟ್ಟಲಿಲ್ಲ.

ಪುರಾವೆ ಹುಡುಕಿಕೊಡುವವರು ಬೇಕು, ಇಲ್ಲದಿದ್ದರೆ ರೀಮನ್ ಊಹೆ ಬೇಕು, ಅದೂ ಇಲ್ಲದಿದ್ದರೆ ನಾಣ್ಯ ಬೇಕು. ಏನೂ ಬೇಡ ಅಂದರೆ ಸಮಯ ಸ್ವಲ್ಪ ಜಾಸ್ತಿ ಕೊಡಬೇಕು. ಇಪ್ಪತ್ತೈದು ವರ್ಷ ಹೀಗೇ ಇತ್ತು. ಪ್ರತಿಯೊಬ್ಬರೂ ಏನೋ ಒಂದನ್ನು ಸಾಲ ತಂದು ಕೆಲಸ ನಡೆಸಿದ್ದರು. ಎಕೆಎಸ್ ಆ ಸಾಲವನ್ನೆಲ್ಲ ತೀರಿಸಿತು. ನನ್ನ ಮಟ್ಟಿಗೆ ಅದರ ಬೆಲೆ ಇರುವುದು ಇಲ್ಲಿ.

ಇದರ ಹಿಂದೆ ಇನ್ನೂ ದೊಡ್ಡ ಪ್ರಶ್ನೆ ಇದೆ. ನಾಣ್ಯ ಚಿಮ್ಮುವುದರಿಂದ ಕಂಪ್ಯೂಟರ್‌ಗೆ ನಿಜವಾಗಿ ಹೊಸ ಶಕ್ತಿ ಬರುತ್ತದೆಯೇ? ಅಥವಾ ನಮಗೆ ಇನ್ನೂ ಬುದ್ಧಿ ಸಾಲದ ಕಡೆ ಮಾತ್ರ ನಾಣ್ಯ ಬೇಕಾಗುತ್ತದೆಯೇ? ಈ ಕ್ಷೇತ್ರದ ಹೆಚ್ಚಿನವರು ಎರಡನೆಯದನ್ನು ನಂಬುತ್ತಾರೆ. 1997ರಲ್ಲಿ ಇಂಪಾಗ್ಲಿಯಾಜೊ ಮತ್ತು ವಿಗ್ಡರ್‌ಸನ್ ತೋರಿಸಿದ್ದು ಇದನ್ನೇ: ಕೆಲವು ಸಮಸ್ಯೆಗಳು ನಿಜವಾಗಿಯೂ ತುಂಬಾ ಕಷ್ಟ ಅಂತಾದರೆ, ಪಾಲಿನಾಮಿಯಲ್ ಸಮಯದ ಎಲ್ಲ ನಾಣ್ಯಗಳನ್ನೂ ತೆಗೆದುಹಾಕಬಹುದು. ಅದನ್ನು ಯಾವ ಷರತ್ತೂ ಇಲ್ಲದೆ ಸಾಧಿಸುವುದು ಹೇಗೆ ಅಂತ ಗೊತ್ತಿಲ್ಲ. ಎಲ್ಲರೂ ಉದಾಹರಣೆಯಾಗಿ ಹೇಳುತ್ತಿದ್ದ ಸಮಸ್ಯೆಯಲ್ಲೇ ನಾಣ್ಯ ಬೇಡ ಅಂತ ಎಕೆಎಸ್ ತೋರಿಸಿತು.

ಬೀಗದ ಕೈ

ಚೆನ್ನಾಗಿ ಬರೆದಿದ್ದೀರಿ. ಆದರೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಪಾಲಿನಾಮಿಯಲ್ ಅಂದ ತಕ್ಷಣ ಸುಲಭ ಅಂತ ಹೇಳುವುದು ಸರಿಯಲ್ಲ. ಮೊದಲ ಲೇಖನದಲ್ಲಿ ಬಿಟ್‌ಗಳ 12ನೇ ಘಾತ ಇತ್ತು. ಲೆನ್‌ಸ್ಟ್ರಾ ಮತ್ತು ಪೊಮೆರನ್ಸ್ ಅದನ್ನು ಸುಮಾರು 6ಕ್ಕೆ ಇಳಿಸಿದರು. 1024ರ ಆರನೇ ಘಾತ ಅಂದರೆ 1ರ ಮುಂದೆ 18 ಸೊನ್ನೆ. ಸಂಶೋಧಕರು ಈ ಅಂಕಿಗಳನ್ನೂ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಓದುವವರಿಗೆ ತಪ್ಪು ತಿಳಿವಳಿಕೆ ಬರುತ್ತದೆ. ಮೇಲೆ ಆರ್‌ಎಸ್‌ಎ ಬಗ್ಗೆ ಪ್ರಶ್ನೆ ಬಂದದ್ದೂ ಅದಕ್ಕೇ.

ನಿಮ್ಮ ಪರವಾಗಿಯೂ ಒಂದು ಮಾತು ಹೇಳುತ್ತೇನೆ, ಇದು ನನ್ನ ಕೆಲಸದಿಂದ ಕಲಿತದ್ದು. ಕಾಲು ಭಾಗ ಅನ್ನುವ ಆ ಲೆಕ್ಕ ನಾಣ್ಯ ನಿಜವಾದ ನಾಣ್ಯವಾಗಿದ್ದರೆ ಮಾತ್ರ ನಿಲ್ಲುತ್ತದೆ. ಪರೀಕ್ಷೆಗೆ ಯಾವ ಆಧಾರ ಸಂಖ್ಯೆ (ಪ್ರತಿ ಸುತ್ತಿನಲ್ಲೂ ಘಾತಕ್ಕೆ ಏರಿಸುವ ಸಂಖ್ಯೆ) ಬಳಸುತ್ತಾರೆ ಅಂತ ಮೊದಲೇ ಗೊತ್ತಾದರೆ, ಅದನ್ನೇ ದಾಟುವ ಹಾಗೆ ಸಂಯುಕ್ತ ಸಂಖ್ಯೆ ಕಟ್ಟಬಹುದು. 2018ರಲ್ಲಿ ಸಂಶೋಧಕರ ಒಂದು ಗುಂಪು ಬಳಕೆಯಲ್ಲಿದ್ದ ಹಲವು ಕ್ರಿಪ್ಟೋ ಲೈಬ್ರರಿಗಳನ್ನು ಹೀಗೆ ಪರೀಕ್ಷಿಸಿತು. ಕೆಲವು ನಿಜಕ್ಕೂ ಮೋಸಹೋದವು. ಆ ಲೇಖನ ಓದಿದ ವಾರ ನಾನು ನಮ್ಮ ಕೋಡ್ ಪೂರ್ತಿ ಮತ್ತೆ ನೋಡಿದೆ. ಒಂದು ಕಡೆ ಆಧಾರ ಸಂಖ್ಯೆಗಳು ಖಾಯಂ ಇದ್ದವು. ತಕ್ಷಣ ಬದಲಾಯಿಸಿದೆವು. ಅದೃಷ್ಟ ಎಲ್ಲಿಂದ ಬರುತ್ತದೆ ಅನ್ನುವ ಪ್ರಶ್ನೆ ಪುಸ್ತಕದಲ್ಲಿ ಮಾತ್ರ ಇರುವುದಲ್ಲ.

ಮೂರನೇ ಮಹಡಿ

ಅಂಕಿ ಹೇಳಬೇಕು ಅನ್ನುವುದು ನನಗೂ ಒಪ್ಪಿಗೆ. ಇನ್ನು ಮೇಲೆ ನಾನೂ ಹೇಳುತ್ತೇನೆ.

ಕಡಲೆಕಾಯಿ ಪರಿಷೆ

ಇದನ್ನ ಬಿ.ಟೆಕ್. ಹುಡುಗರು ಮಾಡಿದ್ದು ಅಂತಾರಲ್ಲ, ಅಷ್ಟು ಚಿಕ್ಕ ವಯಸ್ಸಿಗೆ ಹೇಗೆ ಸಾಧ್ಯ ಆಯ್ತು?

ಮೂರನೇ ಮಹಡಿ

ಒಂದೇ ರಾತ್ರಿ ಆದದ್ದಲ್ಲ. ಈ ಕಥೆ ನಮ್ಮ ಕಡೆಯ ಕಾಲೇಜುಗಳಿಗೆ ಗೊತ್ತಾಗಬೇಕು ಅಂತ ನನ್ನ ಆಸೆ.

1999ರಲ್ಲಿ ಅಗರ್ವಾಲ್ ಮತ್ತು ಸೋಮನಾಥ್ ಬಿಸ್ವಾಸ್ ಒಂದು ಹೊಸ ಪರೀಕ್ಷೆ ಕೊಟ್ಟರು. ಮೇಷ್ಟ್ರು ಹೇಳಿದ ಸಾಲನ್ನು ಒಂದು ಸಣ್ಣ ಬಹುಪದೋಕ್ತಿಯಿಂದ ಭಾಗಿಸಿ ಶೇಷ ನೋಡುವುದು. ಯಾವ ಬಹುಪದೋಕ್ತಿ ಅನ್ನುವುದನ್ನು ನಾಣ್ಯ ಚಿಮ್ಮಿ ಆರಿಸುವುದು. ವೇಗದಲ್ಲಿ ಮಿಲ್ಲರ್-ರಾಬಿನ್‌ಗೆ ಅದು ಸಾಟಿಯಲ್ಲ. ಆದರೆ ಅದರಲ್ಲಿ ನಾಣ್ಯ ಬೇರೆ ಜಾಗದಲ್ಲಿತ್ತು, ತೆಗೆಯೋಕೆ ಆಗಬಹುದಾದ ಜಾಗದಲ್ಲಿ. 2001ರಲ್ಲಿ ಅದೇ ವಿಭಾಗದ ಇಬ್ಬರು ಬಿ.ಟೆಕ್. ವಿದ್ಯಾರ್ಥಿಗಳು, ನಾಣ್ಯ ಚಿಮ್ಮುವ ಬದಲು ಚಕ್ರವನ್ನೇ ಬಳಸಿದರೆ ಏನಾಗುತ್ತದೆ ಅಂತ ತಮ್ಮ ಪ್ರಾಜೆಕ್ಟ್‌ನಲ್ಲಿ ನೋಡಿದರು. ಮರುವರ್ಷ ಕಯಾಲ್ ಮತ್ತು ಸಕ್ಸೇನಾ ಅದನ್ನೇ ಮುಂದುವರಿಸಿದರು. ಕಂಪ್ಯೂಟರ್‌ನಲ್ಲಿ ಓಡಿಸಿ, ಆರ್ 100ರವರೆಗೆ, ಎನ್ ಸಾವಿರ ಕೋಟಿಯವರೆಗೆ ಪರೀಕ್ಷಿಸಿ, ಒಂದೇ ಬಹುಪದೋಕ್ತಿ, ಒಂದೇ ಸಣ್ಣ ಚಕ್ರ ಸಾಕು ಅನ್ನುವ ಊಹೆ ಸರಿಯಾಗಿ ಕಾಣುತ್ತದೆ ಅಂತ ಬರೆದರು. 2002ರ ಏಪ್ರಿಲ್‌ನ ಅವರ ಪ್ರಾಜೆಕ್ಟ್ ವರದಿಯಲ್ಲಿ ಅದಿದೆ.

ಆ ಬೇಸಿಗೆಯಲ್ಲಿ ಅವರು ಊರಿಗೆ ಹೋಗಿ ಬೇರೆ ಕೆಲಸ ನೋಡಬಹುದಿತ್ತು. ಹಾಗೆ ಮಾಡಲಿಲ್ಲ, ಅಗರ್ವಾಲ್ ಜೊತೆ ಕೂತರು. ಒಂದೇ ಎಕ್ಸ್ + 1 ಸಾಕಾಗದಿದ್ದರೆ ಹಲವು ತೆಗೆದುಕೊಳ್ಳೋಣ, ಅವುಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವ ಗುಂಪು ಎಷ್ಟು ದೊಡ್ಡದು ಅಂತ ಎಣಿಸೋಣ ಅನ್ನುವ ದಾರಿ ಸಿಕ್ಕಿತು. ಗುಂಪು ಒಂದು ಕಡೆಯಿಂದ ನೋಡಿದರೆ ತುಂಬಾ ದೊಡ್ಡದು, ಇನ್ನೊಂದು ಕಡೆಯಿಂದ ನೋಡಿದರೆ ಅಷ್ಟು ದೊಡ್ಡದಾಗಿರೋಕೆ ಸಾಧ್ಯವೇ ಇಲ್ಲ. ಸಂಯುಕ್ತ ಸಂಖ್ಯೆ ಸಿಕ್ಕಿಬೀಳುವುದು ಇಲ್ಲೇ. 2002ರ ಆಗಸ್ಟ್ 6ರಂದು ಒಂಬತ್ತು ಪುಟದ ಲೇಖನ ಇಂಟರ್ನೆಟ್‌ನಲ್ಲಿ ಬಂತು. ಎರಡೇ ದಿನದಲ್ಲಿ ನ್ಯೂಯಾರ್ಕ್ ಟೈಮ್ಸ್ ಸುದ್ದಿ ಮಾಡಿತು.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಮೊದಲ ಲೇಖನದಲ್ಲಿ ಸರಿಯಾದ ಆರ್ ಇದೆ ಅಂತ ತೋರಿಸಲು 1985ರ ಫೂವ್ರಿ ಅವರ ಕಷ್ಟದ ಪ್ರಮೇಯ ಬೇಕಾಗಿತ್ತು. ಆಮೇಲೆ ಲೆನ್‌ಸ್ಟ್ರಾ ಸಲಹೆಯಿಂದ ಅದೂ ಬೇಕಾಗಲಿಲ್ಲ. 2004ರಲ್ಲಿ ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್‌ನಲ್ಲಿ ಅಚ್ಚಾದ ರೂಪದ ಮುಖ್ಯ ಭಾಗವನ್ನು ಎಂ.ಎಸ್ಸಿ. ಬೀಜಗಣಿತ ಗೊತ್ತಿರುವ ಯಾರು ಬೇಕಾದರೂ ಓದಬಹುದು. ಹೇಮಾವತಿಯವರು ಹಾಸನದಲ್ಲಿ ಕೂತು ಓದುತ್ತಿದ್ದಾರಲ್ಲ!

ಗಣಿತ ಮೇಷ್ಟ್ರು

ಆ ಊಹೆ ಏನಾಯಿತು?

ಮೂರನೇ ಮಹಡಿ

ಇನ್ನೂ ಇತ್ಯರ್ಥವಾಗಿಲ್ಲ, ಮೇಷ್ಟ್ರೇ. ಅದು ನಿಜವಾದರೆ ಪರೀಕ್ಷೆ ಸುಮಾರು ಬಿಟ್‌ಗಳ ಮೂರನೇ ಘಾತಕ್ಕೆ ಇಳಿಯುತ್ತದೆ. ಬೀಗದ ಕೈಯವರಿಗೂ ಆಗ ಉಪಯೋಗಕ್ಕೆ ಬರುತ್ತದೆ. ಆದರೆ ಲೆನ್‌ಸ್ಟ್ರಾ ಮತ್ತು ಪೊಮೆರನ್ಸ್ ಕೊಟ್ಟ ಅಂದಾಜಿನ ಪ್ರಕಾರ ಅದು ತಪ್ಪಿರುವ ಸಾಧ್ಯತೆಯೇ ಜಾಸ್ತಿ.

ಹೇಮಾವತಿ ದಡ

ಇದರ ಮುಂದೆ ಏನಾಯಿತು? ನಾಣ್ಯ ತೆಗೆಯುವ ಕೆಲಸ ಅಲ್ಲಿಗೇ ನಿಂತಿತಾ?

ಮೂರನೇ ಮಹಡಿ

ಇಲ್ಲ, ಅಲ್ಲಿಂದಲೇ ದೊಡ್ಡ ದಾರಿ ತೆರೆಯಿತು. ಅದರಲ್ಲಿ ಬೆಂಗಳೂರಿನ ಪಾಲೂ ಇದೆ.

ಒಂದು ದೊಡ್ಡ ಬಹುಪದೋಕ್ತಿಯನ್ನು ಬಿಡಿಸಿ ಬರೆಯದೆ, ಕೂಡು-ಗುಣಿಸು ಅನ್ನುವ ಸರ್ಕ್ಯೂಟ್ ರೂಪದಲ್ಲಿ ಕೊಟ್ಟಿದ್ದಾರೆ ಅಂದುಕೊಳ್ಳಿ. ಅದನ್ನು ಬಿಡಿಸಿದರೆ ಎಲ್ಲ ಹೊಡೆದುಹೋಗಿ ಸೊನ್ನೆ ಬರುತ್ತದೆಯೇ? ನಾಣ್ಯ ಇದ್ದರೆ ತುಂಬಾ ಸುಲಭ. ಯಾವುದಾದರೂ ಸಂಖ್ಯೆಗಳನ್ನು ಹಾಕಿ ನೋಡಿ, ಸೊನ್ನೆ ಅಲ್ಲದ ಬಹುಪದೋಕ್ತಿ ಹೆಚ್ಚಾಗಿ ಸೊನ್ನೆ ಕೊಡುವುದಿಲ್ಲ. ನಾಣ್ಯ ಇಲ್ಲದೆ ಮಾಡುವ ವೇಗದ ವಿಧಾನ ಇವತ್ತಿಗೂ ಇಲ್ಲ. ಅವಿಭಾಜ್ಯದ ಪ್ರಶ್ನೆ ಇದರದೇ ಒಂದು ವಿಶೇಷ ರೂಪ. ಅಗರ್ವಾಲ್ ಮತ್ತು ಬಿಸ್ವಾಸ್ ಶುರು ಮಾಡಿದ್ದೂ ಇಲ್ಲಿಂದಲೇ.

2003ರಲ್ಲಿ ಕಬಾನೆಟ್ಸ್ ಮತ್ತು ಇಂಪಾಗ್ಲಿಯಾಜೊ ತೋರಿಸಿದ್ದು ನನ್ನ ತಲೆಯಲ್ಲಿ ಇವತ್ತಿಗೂ ಓಡುತ್ತಿರುತ್ತದೆ. ಈ ಪ್ರಶ್ನೆಯಿಂದ ನಾಣ್ಯ ತೆಗೆದರೆ, ಕೆಲವು ಲೆಕ್ಕಗಳಿಗೆ ಸಣ್ಣ ಸರ್ಕ್ಯೂಟ್ ಸಾಧ್ಯವೇ ಇಲ್ಲ ಅನ್ನುವುದೂ ಸಾಧನೆಯಾಗುತ್ತದೆ. ಅಂದರೆ ಒಂದು ಅಲ್ಗಾರಿದಂ ಕಂಡುಹಿಡಿದರೆ, ಅದರಿಂದಲೇ ಇನ್ನೊಂದು ಅಲ್ಗಾರಿದಂ ಇಲ್ಲ ಅಂತ ಗೊತ್ತಾಗುತ್ತದೆ!

2008ರಲ್ಲಿ ಅಗರ್ವಾಲ್ ಮತ್ತು ಬೆಂಗಳೂರಿನ ವಿ. ವಿನಯ್ ಸೇರಿ, ಯಾವ ಸರ್ಕ್ಯೂಟನ್ನಾದರೂ ನಾಲ್ಕೇ ಅಂತಸ್ತಿಗೆ (ಕೂಡು-ಗುಣಿಸು ಪದರಗಳಿಗೆ) ಚಪ್ಪಟೆ ಮಾಡಬಹುದು, ಗಾತ್ರ ಹೆಚ್ಚುವುದು ಒಂದು ಮಿತಿಯೊಳಗೆ ಇರುತ್ತದೆ ಅಂತ ತೋರಿಸಿದರು. ಹಾಗಾಗಿ ನಾಲ್ಕು ಅಂತಸ್ತು ಅರ್ಥವಾದರೆ ಹೆಚ್ಚುಕಡಿಮೆ ಎಲ್ಲ ಅರ್ಥವಾದ ಹಾಗೆ. 2013ರಲ್ಲಿ ಗುಪ್ತಾ, ಕಾಮತ್, ಕಯಾಲ್, ಸಪ್ತರ್ಷಿ ಅದನ್ನು ಮೂರಕ್ಕೆ ಇಳಿಸಿದರು. ನೀರಜ್ ಕಯಾಲ್ ಹಲವು ವರ್ಷಗಳಿಂದ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿದ್ದಾರೆ. ಈ ಕ್ಷೇತ್ರದ ಕೆಲಸಕ್ಕೆ ಅವರಿಗೆ 2021ರ ಇನ್ಫೋಸಿಸ್ ಪ್ರಶಸ್ತಿ ಬಂತು. ಅದೇ 2021ರಲ್ಲಿ ನೂತನ್ ಲಿಮಯೆ, ಶ್ರೀಕಾಂತ್ ಶ್ರೀನಿವಾಸನ್, ಸೆಬಾಸ್ಟಿಯನ್ ತಾವೆನಾ ದೊಡ್ಡ ಫಲಿತಾಂಶ ಕೊಟ್ಟರು. ಅಂತಸ್ತುಗಳ ಸಂಖ್ಯೆ ಎಷ್ಟೇ ಇರಲಿ, ಅದು ಮೊದಲೇ ನಿಗದಿಯಾಗಿದ್ದರೆ, ಪಾಲಿನಾಮಿಯಲ್ ಗಾತ್ರದ ಸರ್ಕ್ಯೂಟ್‌ಗೆ ನಿಲುಕದ ಬಹುಪದೋಕ್ತಿಗಳಿವೆ. ನಮ್ಮ ಗುಂಪಿನಲ್ಲಿ ಅದನ್ನು ಓದಿದ ದಿನ ಮಧ್ಯಾಹ್ನದ ಊಟಕ್ಕೆ ಯಾರೂ ಏಳಲಿಲ್ಲ.

ಬೀಗದ ಕೈ

ಹೇಮಾವತಿ, ನಿಮ್ಮಣ್ಣನಿಗೆ ನನ್ನ ಕಡೆಯಿಂದ ಒಂದು ಮಾತು ಹೇಳಿ. ಯಾರೂ ಬಳಸಲ್ಲ ಅನ್ನುವುದು ನಿಜ, ನಾನೂ ಬಳಸಲ್ಲ. ಆದರೆ ಇದನ್ನು ಓದಿದ ಮೇಲೆ ಮಿಲ್ಲರ್-ರಾಬಿನ್ ಬಳಸುವಾಗ ಅದು ಏನನ್ನು ನಂಬಿಕೊಂಡಿದೆ ಅಂತ ನನಗೆ ಗೊತ್ತಿರುತ್ತದೆ.

ಹೇಮಾವತಿ ದಡ

ಖಂಡಿತ ಹೇಳುತ್ತೇನೆ ಸರ್.

ನಾಲ್ಕು ದಿನದಿಂದ ಒಂದು ಸಣ್ಣ ಪೈಥಾನ್ ಪ್ರೋಗ್ರಾಂ ಬರೆದು ಆಟ ಆಡುತ್ತಿದ್ದೆ. ರಾಮಾನುಜನ್ ಹೆಸರಿನ ಜೊತೆ ಬರುವ 1729 ತೆಗೆದುಕೊಂಡೆ. ಅದು 7, 13, 19ರ ಗುಣಲಬ್ಧ. ಅದರ ಅಪವರ್ತನ ತಾಗದ ಯಾವ ಆಧಾರ ಕೊಟ್ಟರೂ ಫರ್ಮಾ ಪರೀಕ್ಷೆ ದಾಟುತ್ತದೆ, ಅಂಥದ್ದಕ್ಕೆ ಕಾರ್ಮೈಕಲ್ ಸಂಖ್ಯೆ ಅನ್ನುತ್ತಾರೆ. ಚಕ್ರಕ್ಕೆ ಹಾಕಿದೆ. ಆರ್ 2ಕ್ಕೆ ದಾಟಿತು, 3ಕ್ಕೆ ದಾಟಿತು, 4ಕ್ಕೂ ದಾಟಿತು! 341 ಸಿಕ್ಕಿಬಿದ್ದ ಕಡೆ ಇದು ಸಿಕ್ಕಲಿಲ್ಲ. 5ಕ್ಕೆ ಸಿಕ್ಕಿಬಿತ್ತು. ಆದರೆ ವಿಚಿತ್ರ ಏನೆಂದರೆ, 7ರಿಂದ ಶೇಷ ತೆಗೆದರೂ ಸರಿ ಬರುತ್ತದೆ, 19ರಿಂದ ತೆಗೆದರೂ ಸರಿ ಬರುತ್ತದೆ. 13ರಲ್ಲಿ ಮಾತ್ರ ತಪ್ಪುತ್ತದೆ. ಯಾಕೆ ಅಂತ ಗೊತ್ತಾಗಲಿಲ್ಲ.

ಮೂರನೇ ಮಹಡಿ

ಇದು ನನಗೂ ಹೊಸದು. ಬಸ್ಸಿನಲ್ಲಿ ಕೂತು ಲೆಕ್ಕ ಮಾಡಿದೆ.

ಆರ್ = 5 ಆದಾಗ ಎಕ್ಸ್ ಅಂದರೆ 1ರ ಐದನೇ ಮೂಲ. (1 + ಎಕ್ಸ್)ನ ವರ್ಗವನ್ನು ಎಕ್ಸ್‌ನಿಂದ ಭಾಗಿಸಿದರೆ ಬರುವುದು ಸುವರ್ಣಾನುಪಾತದ (ಗೋಲ್ಡನ್ ರೇಷಿಯೋ) ವರ್ಗ. ಹಾಗಾಗಿ ಪರೀಕ್ಷೆ ಕೊನೆಗೆ ಸುವರ್ಣಾನುಪಾತದ ಘಾತಗಳಿಗೆ ಬಂದು ನಿಲ್ಲುತ್ತದೆ, ಅಂದರೆ ಫಿಬೊನಾಚಿ ಸಂಖ್ಯೆಗಳ ಶೇಷಕ್ಕೆ. 7ರಲ್ಲಿ 240ನೇ ಘಾತ 1 ಆಗಬೇಕು. 7ರಿಂದ ಭಾಗಿಸಿದ ಫಿಬೊನಾಚಿ ಶೇಷಗಳು 16 ಹೆಜ್ಜೆಗೊಮ್ಮೆ ಮರಳುತ್ತವೆ, 240ನ್ನು 16 ಭಾಗಿಸುತ್ತದೆ, ಸರಿ. 19ರಲ್ಲಿ 90ನೇ ಘಾತ ನೋಡಬೇಕು. ಅಲ್ಲಿ 18 ಹೆಜ್ಜೆಗೊಮ್ಮೆ ಮರಳುತ್ತವೆ, 90ನ್ನು 18 ಭಾಗಿಸುತ್ತದೆ, ಸರಿ. 13ರಲ್ಲಿ 120ನೇ ಘಾತ. ಅಲ್ಲಿ ಮರಳುವುದು 28 ಹೆಜ್ಜೆಗೊಮ್ಮೆ. 120ನ್ನು 28 ಭಾಗಿಸುವುದಿಲ್ಲ, 8 ಉಳಿಯುತ್ತದೆ. ಅಲ್ಲೇ 1729 ಸಿಕ್ಕಿಬಿತ್ತು.

ಗಣಿತ ಮೇಷ್ಟ್ರು

ಅಯ್ಯೋ, ಎಂಥ ಚೆಂದ! ಫಿಬೊನಾಚಿ ಅಂತ ನೀವು ಹೇಳುವ ಸಂಖ್ಯೆಗಳೂ ಛಂದಸ್ಸಿನವೇ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇಷ್ಟು ಮಾತ್ರೆಯ ಸಾಲು ಎಷ್ಟು ಬಗೆಯಲ್ಲಿ ಆಗುತ್ತದೆ ಅಂತ ಎಣಿಸಿದರೆ 1, 2, 3, 5, 8, 13 ಬರುತ್ತದೆ. ಹನ್ನೆರಡನೇ ಶತಮಾನದಲ್ಲಿ ಹೇಮಚಂದ್ರ ಈ ಲೆಕ್ಕ ಬರೆದಿಟ್ಟಿದ್ದಾನೆ. ಗುರುಗಳನ್ನು ಎಣಿಸುವ ಮೇರು ಪ್ರಸ್ತಾರದಿಂದ ಹೊರಟು, ಐದು ಹಲ್ಲಿನ ಚಕ್ರಕ್ಕೆ ಸುತ್ತಿದರೆ ಮಾತ್ರೆಗಳ ಲೆಕ್ಕ ಬಂತಲ್ಲ!

13ರ ಶೇಷಗಳನ್ನು ನಾನು ಈಗಲೇ ಕಾಗದದ ಮೇಲೆ 28 ಹೆಜ್ಜೆ ಬರೆಯುತ್ತಿದ್ದೇನೆ. ಏಳನೆಯದು 13, ಅಲ್ಲಿ ಶೇಷ ಸೊನ್ನೆ. ಹೇಮಾವತಿ, ನೀನು ಆರ್ = 7ಕ್ಕೆ 1729 ಹಾಕಿ ನೋಡಮ್ಮ. 7 ಅದರ ಅಪವರ್ತನವೇ, ಅಲ್ಲಿ ಏನಾಗುತ್ತದೆ ಅಂತ ನನಗೆ ಕುತೂಹಲ.